ಒಳಮಡಿಕೆಯ ಸಾಲು

ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಮಡಿಕೆರಾಣಿ ಎಂದೇ ಕರೆಯುತ್ತಿದ್ದರು. ಹಾಳೆ ಕೈಗೆ ಬಂದರೆ ಮೂರು ಮಡಿಕೆ, ಮರದ ಪಟ್ಟಿಯಿಂದ ಒಂದು ತೀಡು, ಮುಂದಿನದು. ಹೊಟ್ಟೆ ಮೇಜಿಗೆ ತಾಗುವಷ್ಟು ತುಂಬಿದ್ದಾಗಲೂ ಆಸ್ಪತ್ರೆಯ ಕರಪತ್ರ ಆರು ಸಾವಿರ ಮಡಿಸಿ ಮುಗಿಸಿದ ಮೇಲೆಯೇ ರಜೆ ಹಾಕಿದಳು. ಮುಖಪುಟದಲ್ಲಿ ನಗುವ ಕೂಸಿನ ಚಿತ್ರವಿತ್ತು. "ನಿನ್ನದೂ ಹೀಗೇ ಇರುತ್ತೆ ನೋಡು," ಎಂದು ಯಂತ್ರದ ಮೇಸ್ತ್ರಿ ತಮಾಷೆ ಮಾಡಿದ್ದ.

ಹಾಗೆಯೇ ಇತ್ತು. ಹೆಣ್ಣು, ಕೆನ್ನೆ ತುಂಬಿದ ಮಗು. ಐದು ವಾರವಾಗುವಾಗ ಬಿಸಿಲು ಏರಿತು. ತಗಡಿನ ಸೂರಿನ ಕೆಳಗೆ ಮಗು ಕೆಂಪಾಗಿ ಅತ್ತರೆ ಅತ್ತೆಗೆ ತಡೆಯಲಾಗುತ್ತಿರಲಿಲ್ಲ.

"ಬಾಯಾರಿದೆ ಕಣೇ ಅದಕ್ಕೆ. ನಿನಗೊಬ್ಬಳಿಗೇ ದಾಹಾನಾ?"

"ಇಷ್ಟು ಚಿಕ್ಕದಕ್ಕೆ ನೀರು ಕೊಡಬಹುದಾ ಅತ್ತೆ?"

"ನಾಲ್ಕು ಹೆತ್ತು ಸಾಕಿದೀನಿ. ನಿನ್ನ ಗಂಡ ಇದೇ ನೀರು ಕುಡಿದು ಬೆಳೆದದ್ದು. ಅವನೇನು ಸತ್ನಾ?"

ಅತ್ತೆ ಕೆಟ್ಟವಳಲ್ಲ. ನೀರನ್ನು ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ತನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಕೊಡುತ್ತಿದ್ದಳು. ಮೊದಲು ಚಮಚ, ಆಮೇಲೆ ಬಾಟಲಿ. ನೀರು ಕುಡಿದ ಮಗು ಸುಮ್ಮನಾಗುತ್ತಿತ್ತು. ಎದೆಗೆ ಹಚ್ಚಿದರೆ ಮುಖ ತಿರುಗಿಸುತ್ತಿತ್ತು. ಅವಳ ಎದೆ ಮೊದಲು ಕಲ್ಲಿನಂತೆ ಕಟ್ಟಿಕೊಂಡಿತು, ಆಮೇಲೆ ಬತ್ತತೊಡಗಿತು.

"ನಿನಗೆ ಹಾಲೇ ಇಲ್ಲ ನೋಡು," ಎಂದು ಅತ್ತೆ ಬಾಟಲಿಗೆ ಇನ್ನಷ್ಟು ನೀರು ಸುರಿದಳು.

ನೀರು ಕೊಡತೊಡಗಿದ ಎಂಟನೆಯ ದಿನ ಮಧ್ಯಾಹ್ನ ಮಗು ಬಿಲ್ಲಿನಂತೆ ಸೆಟೆದುಕೊಂಡಿತು.

"ಏನು ಕೊಡ್ತಿದ್ರಿ?" ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದರು.

"ಏನೂ ಇಲ್ಲ ಮೇಡಂ. ನೀರು ಅಷ್ಟೇ. ಕುದಿಸಿದ್ದು."

"ಶುದ್ಧವಾಗೇ ಇರಬಹುದಮ್ಮ. ಇಷ್ಟು ಎಳೇ ಮೈ ಅಷ್ಟು ನೀರನ್ನ ತಡೆಯಲ್ಲ. ರಕ್ತದಲ್ಲಿರೋ ಉಪ್ಪೇ ತೆಳ್ಳಗಾಗಿಹೋಗಿದೆ. ಅದಕ್ಕೆ ಬೇಕಾದ ನೀರೆಲ್ಲ ನಿಮ್ಮ ಹಾಲಲ್ಲೇ ಇತ್ತು."

ಸಂಜೆಗೆ ಮಗು ಹೋಯಿತು.

ಹೊರಗೆ ಬೆಂಚಿನ ಪಕ್ಕ ಕರಪತ್ರಗಳ ಕಟ್ಟು. ಅಂಚು ಕಂಡೊಡನೆ ಗೊತ್ತಾಯಿತು, ತನ್ನದೇ ಕೈ. ಆರು ಸಾವಿರ ಸಲ ಮಡಿಸಿದ್ದನ್ನು ಮೊದಲ ಸಲ ಬಿಚ್ಚಿದಳು. ಒಳಮಡಿಕೆಯಲ್ಲಿ ದಪ್ಪ ಅಕ್ಷರ: ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಬೇಡ.

ಅವಳಿಗೆ ಓದಲು ಬರುತ್ತಿತ್ತು.

ಅದನ್ನು ಮತ್ತೆ ಮಡಿಸಲು ಕೈ ಏಳಲಿಲ್ಲ. ಹಾಗೆಯೇ ಹಿಡಿದು ಮನೆಗೆ ಬಂದಳು.

"ಅದರ ಆಯುಸ್ಸು ಅಷ್ಟೇ ಇತ್ತು," ಎಂದಳು ಅತ್ತೆ.

ಎರಡು ತಿಂಗಳಿಗೆ ನಾದಿನಿ ಹಸುಗೂಸಿನೊಂದಿಗೆ ತವರಿಗೆ ಬಂದು ಅದೇ ಕೋಣೆಯಲ್ಲಿ ಮಲಗಿದಳು. ಕೂಸು ಅತ್ತಿತು. ಅತ್ತೆ ನೀರು ಕುದಿಸಿದಳು, ಆರಿಸಿದಳು, ಬಿಳಿ ಬಟ್ಟೆಯಲ್ಲಿ ಸೋಸಿದಳು. ಲೋಟ, ಚಮಚ ಹಿಡಿದು ಬಂದಳು.

"ಬೇಡ ಅತ್ತೆ."

"ನನಗೇ ಹೇಳ್ಕೊಡ್ತೀಯಾ? ನಿನ್ನದನ್ನ ಉಳಿಸ್ಕೊಳ್ಳೋಕೆ..." ಮಾತು ಅಲ್ಲೇ ನಿಂತಿತು.

ಅವಳು ಲೋಟ ಕಿತ್ತುಕೊಂಡು, ಅತ್ತೆಯ ಕಣ್ಣನ್ನೇ ನೋಡುತ್ತ, ಕೊನೆಯ ಹನಿಯವರೆಗೆ ತಾನೇ ಕುಡಿದಳು. ಆಮೇಲೆ ನಾದಿನಿಯ ದಿಂಬಿನ ಮೇಲೆ ಕರಪತ್ರವನ್ನು ಹರವಿ, ಮಡಿಕೆಯ ಗೆರೆಗಳನ್ನು ಅಂಗೈಯಿಂದ ಸವರಿ, ಗಟ್ಟಿಯಾಗಿ ಓದತೊಡಗಿದಳು.