ಹೊಸ್ತಿಲ ಮೇಲಿನ ಲೋಟ

ಫಸಲಿ ಹದಿಮೂರು ನೂರಾ ಐವತ್ನಾಲ್ಕರಲ್ಲಿ ನಾನು ಲಿಂಗಸುಗೂರಿನ ದಂಡಿನ ಛಾವಣಿ ಕಡೆಯ ಒಂದು ಬಾಣಂತಿ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿಯುತ್ತಿದ್ದೆ. ನಿಜಾಮರ ರಾಜ್ಯ, ಯುದ್ಧದ ಕಾಲ. ದವಾಖಾನೆ ಸರ್ಕಾರದ್ದಲ್ಲ, ಒಬ್ಬ ಸಾಹುಕಾರರು ತೀರಿಹೋದ ಮಗಳ ಹೆಸರಿನಲ್ಲಿ ಹಳೆಯ ಬಂಗಲೆಯೊಂದನ್ನು ಹಿಡಿದು ನಡೆಸುತ್ತಿದ್ದರು. ನಾಲ್ಕನೇ ಜಮಾತು ಓದಿದ ಹೆಣ್ಣುಮಕ್ಕಳನ್ನು ಎರಡು ವರ್ಷ ಇಟ್ಟುಕೊಂಡು ಕಲಿಸುತ್ತಿದ್ದರು. ಕೊನೆಗೆ ರಾಯಚೂರಿನಿಂದ ಒಬ್ಬ ಡಾಕ್ಟರಿಣಿ ಬಂದು ಪರೀಕ್ಷೆ ಮಾಡುತ್ತಿದ್ದರು. ಪಾಸಾದವರಿಗೆ ಸನದು.

ಐದು ಮಂದಿ ಸೇರಿದ್ದೆವು. ಮೊದಲ ಮಳೆಗಾಲ ಮುಗಿಯುವುದರೊಳಗೆ ಮೂವರು ಹೋದರು. ಅವರಲ್ಲಿ ಒಬ್ಬಳಂತೂ ಹೆರಿಗೆ ಕೋಣೆಯಿಂದ ಎದ್ದು, ಕೈ ಸಹ ತೊಳೆಯದೆ, ಮುದಗಲ್ಲಿನ ದಾರಿ ಹಿಡಿದು ನಡೆದೇಬಿಟ್ಟಳು. ಉಳಿದವರು ಇಬ್ಬರೇ. ಮಸ್ಕಿಯವಳಾದ ನಾನು, ಶೇಖರಮ್ಮ. ಪಾಮನಕಲ್ಲೂರಿನ ದುರುಗಪ್ಪನ ಮಗಳು ಗಾಳೆಮ್ಮ.

ನಾನು ಉಳಿದದ್ದು ಗಟ್ಟಿತನದಿಂದಲ್ಲ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡವಳು. ತಿರುಗಿ ಹೋದರೆ ಅಣ್ಣನ ಮನೆಯ ದನದ ಕೊಟ್ಟಿಗೆ, ಅತ್ತಿಗೆಯ ಮಾತು. ಗಾಳೆಮ್ಮನಿಗೂ ತಿರುಗಿ ಹೋಗುವ ದಾರಿ ಚೆನ್ನಾಗಿರಲಿಲ್ಲ. ಅವಳ ತಾಯಿ, ತಾಯಿಯ ತಾಯಿ, ಎಲ್ಲರೂ ಊರ ಗೌಡರ ಮನೆಗಳಲ್ಲಿ ಹೊಕ್ಕಳಬಳ್ಳಿ ಕೊಯ್ಯುವವರು. ಅದು ಬಿಟ್ಟಿ ಚಾಕರಿ. ಕರೆದಾಗ ಹೋಗಬೇಕು, ಕೊಯ್ದು ಹಿತ್ತಲ ಬಾಗಿಲಿಂದ ಹೊರಡಬೇಕು. ದುರುಗಪ್ಪ ಠಾಣೆಯಲ್ಲಿ ಕಸ ಹೊಡೆಯುತ್ತಿದ್ದವನು ಅಮೀನರ ಕಾಲು ಹಿಡಿದು ಮಗಳನ್ನು ಇಲ್ಲಿಗೆ ಸೇರಿಸಿದ್ದ. ಠಾಣೆಯ ಅಂಗಳದಲ್ಲಿ ಬೆಳೆದದ್ದರಿಂದ ಅವಳಿಗೆ ಉರ್ದು ನೀರು ಕುಡಿದಂತೆ ಬರುತ್ತಿತ್ತು. ಪರೀಕ್ಷೆ ಉರ್ದುವಿನಲ್ಲಿ. ನಾನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದೆ. ಅವಳು ಗೋಡೆಗೆ ಒರಗಿ ಕೂತು ತಿದ್ದುತ್ತಿದ್ದಳು.

"ಅಕ್ಕಾರ, ನೀವು ಹೇಳಿದಂಗ ಮಾಡಿದ್ರ ಕತ್ತರಿ ಬದಲಿ ಡಾಕ್ಟರಿಣೀನ ಕುದಿಯೋ ನೀರಾಗ ಅದ್ದಬೇಕಾಗ್ತದ ನೋಡ್ರಿ," ಎಂದು ನಗುತ್ತಿದ್ದಳು.

ನಮ್ಮ ಮೇಲೆ ಜುಬೇದಾಬೀ ಇದ್ದರು. ಹೈದರಾಬಾದಿನಲ್ಲಿ ಕಲಿತು ಬಂದ ಹಿರಿಯ ನರ್ಸು. ನಾವು ಬಡೀಬೀ ಅನ್ನುತ್ತಿದ್ದೆವು. ಅವರದು ಒಂದೇ ಕಾನೂನು: "ಅಳೋ ಛೋಕ್ರಿಗೆ ಸನದು ಇಲ್ಲ." ಬಾಣಂತಿ ಸತ್ತರೆ ಚಾದರ ಹೊದಿಸಿ ಮುಂದಿನ ಹಾಸಿಗೆಗೆ ಹೋಗಬೇಕು. ಎರಡು ದಿನ ನಿದ್ದೆ ಇಲ್ಲದಿದ್ದರೆ ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು. ಎರಡನೆಯ ವರ್ಷಕ್ಕೆ ನನ್ನ ತಲೆಗೂದಲು ಹಿಡಿಹಿಡಿಯಾಗಿ ಉದುರಿತು, ಮುಟ್ಟು ನಿಂತಿತು. ಗಾಳೆಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ಇದಕ್ಕೆ ಒಂದು ಹೆಸರಿದೆ, ಇದನ್ನು ಯಾರಿಗಾದರೂ ಹೇಳಿಕೊಳ್ಳಬಹುದು ಎಂಬುದು ನಮಗೆ ತಿಳಿದಿರಲಿಲ್ಲ. ಬಡೀಬೀ ಅದಕ್ಕೆ ಇಟ್ಟಿದ್ದ ಹೆಸರು ನಖರಾ.

ಇನ್ನೊಂದು ರೂಢಿ ಇತ್ತು. ಅದನ್ನು ಹೇಳದಿದ್ದರೆ ಈ ಕಥೆ ತಿಳಿಯುವುದಿಲ್ಲ.

ದೊಡ್ಡ ಮನೆತನದ ಹೆಂಗಸರಿಗೆ ಬಂಗಲೆಯ ಒಳಕೋಣೆ. ಅವರು ಗಾಳೆಮ್ಮನ ಕೈಯಿಂದ ಹೊಕ್ಕಳಬಳ್ಳಿ ಕೊಯ್ಯಿಸಿಕೊಳ್ಳುತ್ತಿದ್ದರು, ಮೈಲಿಗೆ ಬಟ್ಟೆ ತೆಗೆಸುತ್ತಿದ್ದರು. ಬಾಯಿಗೆ ಹೋಗುವುದನ್ನು ಮಾತ್ರ ಅವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ತಿಂಗಳೇ ಇಬ್ಬರು ಔಷಧವನ್ನು ಉಗುಳಿ ಗಾಡಿ ಕಟ್ಟಿಸಿಕೊಂಡು ಹೋದರು. ಆಮೇಲೆ ದವಾಖಾನೆಯ ಡಾಕ್ಟರ್ ಸಾಹೇಬರೇ ಒಂದು ದಾರಿ ಮಾಡಿದರು. ಔಷಧದ ಬಾಟಲಿಗಳಿದ್ದ ಪಡಸಾಲೆ ಗಾಳೆಮ್ಮನದು. ಅಳೆಯುವುದರಲ್ಲಿ ಅವಳ ಕೈ ತಪ್ಪುತ್ತಿರಲಿಲ್ಲ. ಅವಳು ಔಷಧವನ್ನು ಗಾಜಿನ ಲೋಟಕ್ಕೆ ಅಳೆದು, ಒಳಕೋಣೆಯ ಹೊಸ್ತಿಲ ಮೇಲಿಟ್ಟು, "ಇಟ್ಟೀನ್ರಿ" ಎಂದು ಕೂಗಿ ಹಿಂದೆ ಸರಿಯಬೇಕು. ಹೊಸ್ತಿಲ ಒಳಗಿನವಳು ನಾನು. ಲೋಟದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಎತ್ತಿ, ಬಾಣಂತಿಗೆ ಕುಡಿಸಿ, ಅವಳ ತಲೆಯ ಕಡೆ ತೂಗುಹಾಕಿದ ಪಾಟಿಯ ಮೇಲೆ ಗೀಟು ಎಳೆಯಬೇಕು.

ಒಂದು ಲೋಟಕ್ಕೆ ಎರಡು ಕೈ. ಒಂದೂವರೆ ವರ್ಷ ಹೀಗೆಯೇ ನಡೆಯಿತು. ಅದರಲ್ಲಿ ತಪ್ಪೇನಿದೆ ಎಂದು ಒಂದು ದಿನವೂ ನನಗೆ ಅನಿಸಲಿಲ್ಲ. ಅನುಕೂಲವೇ ಅನಿಸಿತ್ತು.

ಬೇಸಿಗೆಯಲ್ಲಿ ಸಿಂಧನೂರು ಕಡೆಯ ಜಮೀನುದಾರ ಅಮರಗುಂಡಪ್ಪನವರ ಸೊಸೆ ಕಲ್ಯಾಣಮ್ಮ ಬಂದಳು. ಗಂಡು ಕೂಸು ಹುಟ್ಟಿತು. ರಕ್ತ ಮಾತ್ರ ಸರಿಯಾಗಿ ನಿಲ್ಲಲಿಲ್ಲ. ನಾಲ್ಕು ತಾಸಿಗೊಮ್ಮೆ ಔಷಧ ತಪ್ಪದೆ ಹೋಗಬೇಕೆಂದು ಹೇಳಿ ಡಾಕ್ಟರ್ ಸಾಹೇಬರು ಮುದಗಲ್ಲಿಗೆ ಹೋದರು. ಆ ವಾರ ಒಂಬತ್ತು ಹೆರಿಗೆ. ನಾನು ಮೂರು ದಿನದಿಂದ ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ. ಮಧ್ಯಾಹ್ನ ಕಲ್ಯಾಣಮ್ಮನಿಗೆ ಜೊಂಪು ಹತ್ತಿತು. ಕೂಸೂ ಮಲಗಿತು. ನಾನು ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ಕೂತೆ. ಲೋಟ ಬಂದ ಕೂಡಲೆ ಎತ್ತಿಕೊಳ್ಳಬಹುದು ಎಂದೇ ಅಲ್ಲಿ ಕೂತದ್ದು.

"ಇಟ್ಟೀನ್ರಿ, ಅಕ್ಕಾರ," ಎಂಬ ಮಾತು ಕಿವಿಗೆ ಬಿತ್ತು. "ಹೂಂ" ಅಂದೆ. ಅಂದದ್ದು ನೆನಪಿದೆ.

ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ನಿದ್ದೆಯಲ್ಲಿ ಕಾಲು ಚಾಚಿದ್ದೆ. ಲೋಟ ಉರುಳಿತ್ತು. ಕಂದು ಬಣ್ಣದ ಔಷಧ ಬಂಡೆಯ ಮೇಲೆ ಹರಿದು, ನನ್ನ ಬಿಳಿ ಸೀರೆಯ ಅಂಚಿಗೆ ಹತ್ತಿ, ಉಳಿದದ್ದು ಆರಿಹೋಗಿತ್ತು. ಆ ಔಷಧ ವಿಲಾಯತಿಯಿಂದ ಬರಬೇಕು, ಯುದ್ಧದಿಂದಾಗಿ ಬರುತ್ತಿರಲಿಲ್ಲ. ಒಂದು ಹನಿ ಚೆಲ್ಲಿದರೂ ಬಡೀಬೀ ಕೂಳು ತಪ್ಪಿಸುತ್ತಿದ್ದರು. ನಾನು ಲೋಟವನ್ನು ಸೆರಗಿನಲ್ಲಿ ಒರೆಸಿ, ಬಂಡೆಯನ್ನೂ ಒರೆಸಿ, ಲೋಟವನ್ನು ಪಡಸಾಲೆಯ ಹಲಗೆಯ ಮೇಲೆ ಇತರ ಲೋಟಗಳ ಜೊತೆ ಇಟ್ಟು ಬಂದೆ. ಗಾಳೆಮ್ಮ ಬಾವಿಯ ಕಡೆ ಬಟ್ಟೆ ಒಗೆಯುತ್ತಿದ್ದಳು. ಮುಂದಿನ ಸರದಿಗೆ ಇನ್ನು ಒಂದೂವರೆ ತಾಸು. ಅಷ್ಟರಲ್ಲಿ ಏನಾಗುತ್ತದೆ, ಅಂದುಕೊಂಡೆ.

ಒಂದು ತಾಸಿನೊಳಗೆ ಹಾಸಿಗೆ ತೊಯ್ದು, ಕೆಳಗಿನ ನೆಲವೂ ತೊಯ್ದಿತು. ಬಡೀಬೀ ಹೊಟ್ಟೆ ಹಿಸುಕಿದರು, ಬಟ್ಟೆ ತುರುಕಿದರು, ಸೂಜಿ ಚುಚ್ಚಿದರು. ಸಂಜೆ ಡಾಕ್ಟರ್ ಸಾಹೇಬರ ಟಾಂಗಾ ಅಂಗಳಕ್ಕೆ ಬರುವುದಕ್ಕೂ ಕಲ್ಯಾಣಮ್ಮನ ಉಸಿರು ನಿಲ್ಲುವುದಕ್ಕೂ ಸರಿಹೋಯಿತು. ಅವಳಿಗೆ ಹತ್ತೊಂಬತ್ತು ವರ್ಷ.

ಸಾಹೇಬರು ಪಾಟಿ ನೋಡಿದರು. ಮಧ್ಯಾಹ್ನದ ಗೀಟು ಇರಲಿಲ್ಲ.

"ಇದು ಯಾಕೆ ಖಾಲಿ?"

ಅಮರಗುಂಡಪ್ಪನವರು ಬಾಗಿಲಲ್ಲಿ ನಿಂತಿದ್ದರು. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಲೋಟ ಹೊಸ್ತಿಲಿಗೆ ಬರಲೇ ಇಲ್ಲರೀ, ಸಾಹೇಬ್ರ."

ಪಡಸಾಲೆಯಲ್ಲಿ ನಿಂತಿದ್ದ ಗಾಳೆಮ್ಮ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ನಾನು ಮರೆತಿದ್ದೇನೆ, ನೆನಪಿಸಿದರೆ ಸಾಕು ಎಂಬಂತೆ ನೋಡಿದಳು. "ಇಟ್ಟಿದ್ದೆನಲ್ಲರೀ ಅಕ್ಕಾರ. ಕೂಗಿದೆ. ನೀವು ಹೂಂ ಅಂದ್ರಿ."

"ಅಂದಿಲ್ಲ," ಅಂದೆ.

ಬಾಟಲಿ ನೋಡಿ ತಿಳಿಯುವಂತಿರಲಿಲ್ಲ. ಅದು ಇಡೀ ದವಾಖಾನೆಗೆ ಒಂದೇ ದೊಡ್ಡ ಬಾಟಲಿ. ಲೋಟಗಳೆಲ್ಲ ಹಲಗೆಯ ಮೇಲೆ ಒಣಗಿ ಸಾಲಾಗಿ ಕೂತಿದ್ದವು. ಅವಳ ಮಾತಿಗೆ ಅವಳೇ ಸಾಕ್ಷಿ.

ಆ ಸಂಜೆಯೇ ಅವಳನ್ನು ಹೊರಗೆ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಗೆ ಮಾಡಲಿಲ್ಲ. ಪರೀಕ್ಷೆಗೆ ಇಪ್ಪತ್ತೆರಡು ದಿನ ಉಳಿದಿತ್ತು. ಅಮರಗುಂಡಪ್ಪನವರಿಗೆ ತೋರಿಸಲು ತಪ್ಪೊಪ್ಪಿಗೆಯ ಒಂದು ಕಾಗದ ಬೇಕಿತ್ತು. ಬಡೀಬೀ ದಿನಾ ಬೆಳಗ್ಗೆ ಗಾಳೆಮ್ಮನನ್ನು ಎದುರು ನಿಲ್ಲಿಸಿಕೊಂಡು ಕೇಳತೊಡಗಿದರು.

"ನೆನಪು ಮಾಡ್ಕೋ ಬೇಟಿ. ಮೂರು ದಿನ ನಿದ್ದಿ ಇಲ್ಲ ನಿನಗ. ಲೋಟ ಕೈಯಾಗ ಹಿಡ್ಕೊಂಡಿ. ಬಾವಿ ಕಡೆ ಯಾರೋ ಕರೆದ್ರು. ಖಾಲಿ ಲೋಟ ಹಲಗಿ ಮ್ಯಾಲಿಟ್ಟು ಹೋಗಿಬಿಟ್ಟಿ. ಹಿಂಗ ಆಗೇದ. ಒಪ್ಪಿಕೊಂಡ್ರ ಪರೀಕ್ಷಾಕ್ಕ ಕೂಡಸ್ತೀನಿ."

"ಇಲ್ಲರೀ ಬಡೀಬೀ. ಇಟ್ಟಿದ್ದೆ."

ಇದು ಮೊದಲ ವಾರ. ಎರಡನೆಯ ವಾರ ಅವಳು "ಇಟ್ಟಿದ್ದೆ ಅಂತ ಅನಸ್ತದರೀ" ಅಂದಳು. ಅಷ್ಟು ಹೊತ್ತಿಗೆ ಊಟ ಬಿಟ್ಟಿದ್ದಳು. ಲೋಟವನ್ನು ಹೊಸ್ತಿಲ ಮೇಲಿಟ್ಟು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ನೋಡುತ್ತಿದ್ದಳು. ಮತ್ತೆ ಹೋಗಿ ಮತ್ತೆ ಬರುತ್ತಿದ್ದಳು. ನಾನು ಕುಡಿಸಿ ಗೀಟು ಎಳೆದ ಮೇಲೂ, "ಅಕ್ಕಾರ, ನಾ ಇಟ್ಟೆನಾ? ನೀವು ಕಂಡ್ರಾ?" ಎಂದು ಕೇಳುತ್ತಿದ್ದಳು.

"ಇಟ್ಟೀಯಲ್ಲ ಮಾರಾಯ್ತಿ! ಎಷ್ಟು ಸಲ ಹೇಳಲಿ?" ಎಂದು ರೇಗುತ್ತಿದ್ದೆ. ಅವಳ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಉರ್ದು ಪಾಠ ನಿಂತಿತು. ಒಂದು ಸಂಜೆ ನಾನಾಗಿಯೇ ಪುಸ್ತಕ ಹಿಡಿದು ಹೋದೆ. ಅವಳು ತಿದ್ದಲಿಲ್ಲ. ತಪ್ಪು ಹೇಳಿದರೂ "ಹೌದ್ರಿ, ಹಂಗ ಇರಬೇಕು" ಅಂದಳು.

ಮೂರನೆಯ ವಾರ ನಾನು ಬಡೀಬೀಯ ಕೋಣೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಅವರು ಅಡಿಕೆ ಕತ್ತರಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಸೀರಿ ಅಂಚಿಗೆ ನಿಂಬೆಹಣ್ಣು ತಿಕ್ಕಿ ಬಿಸಲಾಗ ಹಾಕು. ಅದರ ಕಲಿ ಹಂಗ ಹೋಗಂಗಿಲ್ಲ," ಅಂದರು.

"ನಿಮಗ ಗೊತ್ತೇನ್ರಿ?"

"ನನಗ ಏನೂ ಗೊತ್ತಿಲ್ಲ. ಐದು ಮಂದಿ ತೊಗೊಂಡಿದ್ದೆ. ಒಬ್ಬಾಕೀನಾದ್ರೂ ಪಾಸ್ ಆಗ್ಲಿಲ್ಲಂದ್ರ ಸಾಹುಕಾರ ಕಲಿಸೋದು ಬಂದ್ ಮಾಡ್ತಾನ. ಒಳಕೋಣಿಗೆ ಹೋಗಾಕ ಬರಲಾರದಾಕಿ ಪಾಸಾಗಿ ಏನು ಮಾಡ್ತಾಳ? ನೀ ಹೋಗಿ ಪಾಠ ಮಾಡು."

"ಆಕೀಗೆ ಹುಚ್ಚು ಹಿಡದಂಗ ಆಗ್ಯಾದರೀ."

"ಒಪ್ಪಿಕೊಂಡ್ರ ಹಗೂರ ಆಗ್ತದ," ಅಂದರು ಬಡೀಬೀ. ಅವರು ಕೆಟ್ಟವರಾಗಿರಲಿಲ್ಲ. ಹಾಗೆಂದೇ ನಂಬಿದ್ದರು.

ನಾನು ಹೋಗಿ ನಿಂಬೆಹಣ್ಣು ತಿಕ್ಕಿದೆ. ಕಲೆ ಹೋಯಿತು.

ಪರೀಕ್ಷೆಯ ಹಿಂದಿನ ದಿನ ಗಾಳೆಮ್ಮ, "ಮರ್ತೆರೀ. ನಾ ಇಟ್ಟಿದ್ದಿಲ್ಲ," ಅಂದಳು. ಕಾಗದದ ಮೇಲೆ ಬರೆಸಿಕೊಂಡರು. ಅವಳೇ ಚೆಂದದ ಉರ್ದುವಿನಲ್ಲಿ ಬರೆದು ಸಹಿ ಹಾಕಿದಳು. ಕಾಗದ ಕೈಗೆ ಬಂದ ಮೇಲೆ ಸಾಹೇಬರು, ತಾನೇ ತಪ್ಪು ಒಪ್ಪಿಕೊಂಡವಳನ್ನು ಪರೀಕ್ಷೆಗೆ ಹೇಗೆ ಕೂಡಿಸುವುದು, ಅಂದರು. ಮಾತು ಕೊಟ್ಟಿದ್ದ ಬಡೀಬೀ ಆ ಕಾಗದವನ್ನು ಮಡಚಿಟ್ಟರು. ಮರುದಿನ ದುರುಗಪ್ಪ ಬಂದು ಮಗಳ ಟ್ರಂಕನ್ನು ತಲೆಯ ಮೇಲೆ ಹೊತ್ತ. ನಾನು ಒಳಗೆ ಡಾಕ್ಟರಿಣಿಯ ಎದುರು ನಿಂತು ಅರ್ಥ ತಿಳಿಯದ ಉತ್ತರಗಳನ್ನು ಒಪ್ಪಿಸುತ್ತಿದ್ದೆ. ಪಾಸಾದೆ.

ಎರಡು ವರ್ಷ ಕಳೆಯಿತು. ನಾನು ಮಸ್ಕಿಯಲ್ಲಿ ಇದ್ದುಕೊಂಡು ಸುತ್ತಲಿನ ಊರುಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದೆ. ಅಣ್ಣನೂ ಎದ್ದು ನಿಂತು ಮಾತಾಡಿಸುವಂತಾಗಿತ್ತು. ಒಮ್ಮೆ ಪಾಮನಕಲ್ಲೂರಿನ ಗೌಡರ ಮನೆಯಿಂದ ಗಾಡಿ ಬಂತು. ಹೆರಿಗೆ ಸುಸೂತ್ರವಾಯಿತು. ಕತ್ತರಿ ಕೈಗೆ ತೆಗೆದುಕೊಂಡೆ. ಗೌಡರ ತಾಯಿ ತಿಮ್ಮವ್ವ ತಡೆದರು.

"ಅಯ್ಯ, ನೀ ಯಾಕ ಕೊಯ್ತಿಬೇ? ಲಿಂಗ ಕಟ್ಟಿದಾಕಿ. ಅದಕ್ಕ ನಮ್ಮಾಕಿ ಅದಾಳ, ಬರ್ತಾಳ ತಡಿ."

ಹಿತ್ತಲ ಬಾಗಿಲಿಂದ ಗಾಳೆಮ್ಮ ಬಂದಳು. ಬಡವಾಗಿದ್ದಳು. ನನ್ನನ್ನು ಕಂಡು "ಆರಾಮ ಅದೀರೇನ್ರಿ ಅಕ್ಕಾರ?" ಅಂದಳು. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದಳು. ಕುದಿಸಿದ ದಾರ ಕಟ್ಟಿ, ಕಲಿತಂತೆಯೇ ಎರಡು ಗಂಟಿನ ನಡುವೆ ಕೊಯ್ದಳು. ನಾನೂ ಅಷ್ಟು ಚೆನ್ನಾಗಿ ಕೊಯ್ಯುತ್ತಿರಲಿಲ್ಲ. ಆಮೇಲೆ ತಿಮ್ಮವ್ವನ ಕಡೆ ತಿರುಗಿ, "ಅಮ್ಮಾರ, ನಾ ಕಟ್ಟೀನಲ್ಲರೀ? ನೀವು ನೋಡೀರಲ್ಲ?" ಅಂದಳು.

"ಕಟ್ಟೀಯವ್ವ, ಕಟ್ಟೀ," ಎಂದು ತಿಮ್ಮವ್ವ ನನ್ನ ಕಡೆ ನೋಡಿ ಹಣೆ ಮುಟ್ಟಿ ತೋರಿಸಿದರು. "ಸ್ವಲ್ಪ ಹಿಂಗ ಅದಾಳ. ಲಗ್ನ ಮಾಡಿದ್ರು. ಒಲಿ ಆರಿಸೀನೋ ಇಲ್ಲೋ ಅಂತ ದಿನಾ ಹೊಲದಿಂದ ಓಡಿ ಬರ್ತಿದ್ಲಂತ. ಗಂಡ ಬಿಟ್ಟು ಹೋದ."

ಅವಳು ಹೊರಟಾಗ ನಾನು ಹಿಂದೆಯೇ ಹಿತ್ತಲಿಗೆ ಹೋದೆ. ಸುತ್ತಲೂ ಯಾರೂ ಇರಲಿಲ್ಲ.

"ಗಾಳೆಮ್ಮಾ, ಅವತ್ತು ನೀ ಲೋಟ ಇಟ್ಟಿದ್ದಿ. ನಾ ಹೂಂ ಅಂದಿದ್ದೆ. ನಿದ್ದಿಗಣ್ಣಾಗ ಕಾಲು ತಾಕಿ ಚೆಲ್ತು. ಸುಳ್ಳು ಹೇಳಿದಾಕಿ ನಾನು."

ಅವಳು ನನ್ನನ್ನು ಮಕ್ಕಳನ್ನು ನೋಡುವಂತೆ ನೋಡಿದಳು. "ಇಲ್ಲರೀ ಅಕ್ಕಾರ. ನನಗ ಚೊಲೋ ನೆನಪದ. ಲೋಟ ಕೈಯಾಗ ಹಿಡ್ಕೊಂಡಿದ್ದೆ. ಬಾವಿ ಕಡೆ ಯಾರೋ ಕರೆದ್ರು. ಖಾಲಿ ಲೋಟ ಹಲಗಿ ಮ್ಯಾಲಿಟ್ಟು ಹೋದೆ. ಈಗೂ ಕಣ್ಣಿಗೆ ಕಟ್ಟಿದಂಗ ಕಾಣಸ್ತದ."

"ಅದು ಬಡೀಬೀ ಹೇಳಿದ ಮಾತು! ನೀ ಕಂಡದ್ದಲ್ಲ."

"ಬಡೀಬೀ ನೆನಪು ಮಾಡಿಕೊಟ್ರು ಅಷ್ಟರೀ."

ಕೈ ಹಿಡಿದೆ. ಗೌಡರ ಹಿತ್ತಲಲ್ಲಿ, ಎರಡೂ ಕೈ ಹಿಡಿದು ಮತ್ತೊಮ್ಮೆ ಹೇಳಿದೆ. ಬೇಕಾದರೆ ಸಾಹೇಬರಿಗೆ ಕಾಗದ ಬರೆಯುತ್ತೇನೆ, ಅಂದೆ. ಅವಳ ಕಣ್ಣು ಅತ್ತ ಇತ್ತ ಓಡಿತು. ಎರಡು ವರ್ಷ ಹೊತ್ತು ಗಟ್ಟಿ ಮಾಡಿಕೊಂಡದ್ದನ್ನು ನಾನು ಕಿತ್ತುಕೊಳ್ಳಲು ಬಂದೆನೇನೋ ಎಂಬಂತೆ ಹಿಂದೆ ಸರಿದಳು.

"ಬ್ಯಾಡ್ರೀ. ಸತ್ತಾಕಿ ನನ್ನ ಕೈಯಾಗ ಸತ್ತಾಳ. ದಿನಾ ಆಕೀ ಹೆಸರಲೆ ದೀಪ ಹಚ್ಚತೀನಿ. ನೀವು ಒಳ್ಳೇರು, ಅದಕ್ಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

ನಾನು ಕೈ ಬಿಟ್ಟೆ. ಅವಳು, ಹೊರಡುವಾಗ ತಿಮ್ಮವ್ವ ದೂರದಿಂದ ಸೆರಗಿಗೆ ಸುರಿದಿದ್ದ ಜೋಳದ ಗಂಟನ್ನು ಬಿಗಿದುಕೊಂಡು, ಕೇರಿಯ ಕಡೆ ನಡೆದಳು.

ಒಳಗಿನಿಂದ ಊಟಕ್ಕೆ ಕರೆದರು. ಹೋದೆ. ಹಸಿವಾಗಿತ್ತು, ಉಂಡೆ.