ಮೈ ಹಿಡಿದ ಬಾಣಂತಿ

ಮತ್ತೆ ಓಡಿತು ಲಾಳಿ, ಅತ್ತಿಂದ ಇತ್ತ, ಇತ್ತಿಂದ ಅತ್ತ, ನಡುಮನೆಯಲ್ಲಿ ಅಪ್ಪ ಧರೆಪ್ಪನ ಮಗ್ಗ ಬೆಳಗಿನಿಂದ ಒಂದೇ ಹದದಲ್ಲಿ ಬಡಿಯುತ್ತಿದೆ, ತನ್ನ ಎದೆ ಮಾತ್ರ ಯಾಕೆ ಹಾಗೆ ಬಡಿಯುತ್ತಿಲ್ಲ, ನಾಲ್ಕು ಏಟು ಓಡೋಡಿ ಬಡಿದು ಐದನೆಯದನ್ನು ನುಂಗಿಬಿಡುತ್ತದೆ, ನುಂಗಿದ್ದು ಬರುವ ತನಕ ಶೇವಂತಿ ಬಾಯಿ ತೆರೆದು ಕಾಯುತ್ತಾಳೆ — ಬಂತು, ಸದ್ಯ ಬಂತು — ಎಳೆ ಕಡಿದರೆ ಅಪ್ಪ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ, ಇದನ್ನು ನಿಲ್ಲಿಸಿ ಗಂಟು ಹಾಕುವವರು ಯಾರು. ಹೊರಸಿನ ಕೆಳಗೆ ಕೆಂಡದ ಮಡಕೆ, ಕಿವಿಗೆ ಅಪ್ಪನ ಹಳೆಯ ಧೋತರದ ಪಟ್ಟಿ, ಕಿಟಕಿಗೆ ಗೋಣಿಚೀಲ, ಮೂಗಿನ ತುಂಬ ಅಜವಾನದ ಹೊಗೆ, ಹೆತ್ತು ಇವತ್ತಿಗೆ ಇಪ್ಪತ್ತಾರು ದಿನ, ಅಂಗಾತ ಮಲಗಬೇಕು, ಏಳಬಾರದು, ಕೂರಬಾರದು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಲ್ಕು ವರ್ಷವಾಯಿತೆಂದು ಅಪ್ಪ ಹೇಳುತ್ತಿರುತ್ತಾನೆ, ಈ ಕೋಣೆಯಲ್ಲಿ ಮಾತ್ರ ಇನ್ನೂ ಅವ್ವ ಅನಸವ್ವನದೇ ಸರಕಾರ. ದಿನಕ್ಕೆ ಎರಡು ಬಟ್ಟಲು ಕಾಯಿಸಿದ ನೀರು, ಅದರ ಮೇಲೆ ಹನಿ ಕೊಡುವುದಿಲ್ಲ, ಹಾಗಿದ್ದೂ ಮಲಗಿದ ಕೂಡಲೇ ಎದೆಯೊಳಗೆ ನೀರು ಏರಿಕೊಂಡು ಬರುತ್ತದಲ್ಲ, ಎಲ್ಲಿಂದ ಬರುತ್ತದೆ, ಗಂಟಲ ತನಕ ಬಂದು ಗೊರಗೊರ ಅನ್ನುತ್ತದೆ, ಕೆಮ್ಮಿದರೆ ಇಳಿಯುವುದಿಲ್ಲ, ಎದ್ದು ಕೂತರೆ ಮಾತ್ರ ಇಳಿಯುತ್ತದೆ. ಮೊನ್ನೆ ಅವ್ವ ಬಾವಿಗೆ ಹೋದಾಗ ಮೂಲೆಯಲ್ಲಿದ್ದ ನೂಲಿನ ಗಂಟುಗಳನ್ನು ಎಳೆದು ಬೆನ್ನಿಗಿಟ್ಟುಕೊಂಡು ಕೂತಿದ್ದಳು, ಎಷ್ಟು ಸುಖ, ಉಸಿರು ಅಂದರೆ ಇದೇ ಅಲ್ಲವೇ, ಅಷ್ಟರಲ್ಲಿ ಅವ್ವ ಕೊಡ ಇಳಿಸಿ ಬಂದಳು, ಏನ ಹುಚ್ಚಿ ಅದಿಯವಾ, ಬಾಣಂತಿ ಹಿಂಗ ಕುಂತ್ರ ನಡಾ ಹೋಗ್ತೈತಿ, ಮುದುಕಿ ಆದಾಗ ನನ್ನ ನೆನಸ್ತಿ ನೋಡು — ಒಂದೊಂದೇ ಗಂಟು ತೆಗೆದು ಮತ್ತೆ ಅಂಗಾತ ಮಲಗಿಸಿದಳು. ಮುದುಕಿ ಆದಾಗ. ಆಗುತ್ತೇನೆಯೇ ಅವ್ವಾ.

ಹೇಳದೆ ಇರಲಿಲ್ಲ, ಒಮ್ಮೆ ಹೇಳಿದ್ದಳು, ಅವ್ವಾ, ಉಸರ ಸಾಲವಲ್ದು — ಹಸಿ ಮೈಯಾಗ ಇದೆಲ್ಲಾ ಇದ್ದದ್ದವಾ ಅಂತ ಅವ್ವ ಬಾಯಿಗೆ ಅಂಟಿನ ಉಂಡಿ ಇಟ್ಟಳು, ಅಗಿಯುತ್ತ ಉಸಿರಾಡಲು ಬರುವುದಿಲ್ಲವೆಂದು ಆ ಉಂಡಿಯಿಂದಲೇ ತಿಳಿಯಿತು. ಎರಡನೆಯ ಸಲ ಹೇಳಲು ನಾಲಿಗೆ ಏಳಲಿಲ್ಲ. ಅವ್ವನ ಮುಖ ನೋಡಿದರೆ ಹೇಗೆ ಹೇಳುವುದು, ಹತ್ತನೆಯ ದಿನ ಪಾದ ದಪ್ಪಗಾದಾಗಿನಿಂದ ಆ ಮುಖ ದೀಪ ಹಚ್ಚಿದಂತಿದೆ, ಕಾಲುಂಗುರ ಬೆರಳಲ್ಲಿ ಹೂತುಹೋಗಿವೆ, ಬಳೆ ಮಣಿಕಟ್ಟು ಬಿಟ್ಟು ಅಲ್ಲಾಡುವುದಿಲ್ಲ, ಬಾಗಿಲ ಮುಂದೆ ಹಾದವರನ್ನೆಲ್ಲ ಕರೆದು ತೋರಿಸುತ್ತಾಳೆ, ನೋಡ್ರಿ, ಮಗಳು ಹ್ಯಾಂಗ ಮೈ ಹಿಡದಾಳ. ತುಪ್ಪ ತಿನ್ನಿಸಿದ್ದು, ಕೊಬ್ಬರಿ ತಿನ್ನಿಸಿದ್ದು ಸುಮ್ಮನೆ ಹೋಯಿತೇ. ಎರಡು ವರ್ಷದ ಹಿಂದೆ ಹೆಣ್ಣು ನೋಡಲು ಮುಧೋಳದಿಂದ ಬಂದ ಗುರುಬಾಯಿ, ಈಗಿನ ಅತ್ತೆ, ಅವಲಕ್ಕಿ ತಿನ್ನುತ್ತ ಹತ್ತು ಮಂದಿಯೆದುರು ಅಂದದ್ದು ಈ ಮನೆಯ ಗೋಡೆಗಳಿಗೂ ನೆನಪಿದೆ, ಹುಡುಗಿ ಛಲೋ ಅದಾಳ, ಆದ್ರ ಬರೇ ಎಲಬು, ಹೊಟ್ಟಿಗಿ ಹಾಕಿಲ್ಲೇನ್ರಿ. ಅವ್ವ ಆ ದಿನ ಉಣ್ಣಲಿಲ್ಲ. ಇವತ್ತು ಅದೇ ಗುರುಬಾಯಿ ಮಧ್ಯಾಹ್ನದ ಮೋಟಾರಿಗೆ ಸೊಸೆಯನ್ನು ನೋಡಲು ಬರುತ್ತಾಳೆ, ಅವ್ವ ನಸುಕಿನಲ್ಲೇ ಎದ್ದು ಮಗಳಿಗೆ ಎರೆದು, ಹಸಿರು ಸೀರೆ ಉಡಿಸಿ, ಕಾಲು ಕಾಣುವಂತೆ ನೆರಿಗೆ ತುಸು ಮೇಲೆತ್ತಿ ಹೋಗಿದ್ದಾಳೆ. ಕಾಲು — ನೋಡಬಾರದು ಅಂದರೂ ಕೈ ಅಲ್ಲಿಗೇ ಹೋಗುತ್ತದೆ, ಮೊದಲು ತುರಿಕೆಯೆಂದು ಒತ್ತಿದ್ದು, ಬೆರಳು ತೆಗೆದರೆ ತಗ್ಗು ಹಾಗೇ ನಿಂತಿತ್ತು, ಲಾಳಿಯ ಓಟ ಎಣಿಸಿದಳು, ಇಪ್ಪತ್ತಕ್ಕೆ ತುಂಬಿತು, ನಿನ್ನೆ ಐವತ್ತಾಯಿತು, ಇವತ್ತು ಬೆಳಿಗ್ಗೆ ತೊಂಬತ್ತು. ಕೂಸಿನ ತೊಡೆ ಒತ್ತಿ ನೋಡಿದಳು, ತಟ್ಟನೆ ಪುಟಿದು ಬಂತು, ಮಾಂಸ ಅಂದರೆ ಪುಟಿಯಬೇಕು, ಇದು ಮಾಂಸವಲ್ಲ, ನಾದಿದ ಹಿಟ್ಟು, ಹಿಟ್ಟಿಗೆ ಎಷ್ಟು ನೀರು, ಎದೆಯಲ್ಲಿ ಏರುವ ನೀರೂ ಇದೇ ನೀರೇ ಇರಬೇಕು, ಇವತ್ತೋ ನಾಳೆಯೋ ಗಂಟಲು ದಾಟುತ್ತದೆ, ದಾಟಿದರೆ ಕೂಸು ಯಾರ ಎದೆ ಹುಡುಕುತ್ತದೆ, ಅಂಜಿಕೆ ಬರುತ್ತದೆ, ಸಾಯಲು ಅಂಜಿಕೆ, ಅವ್ವನಿಗೆ ಹೇಳಲು ಅದಕ್ಕಿಂತ ಒಂದು ಗುಂಜಿ ಹೆಚ್ಚೇ.

ಬಂದಳು ಗುರುಬಾಯಿ, ಕಾಲು ತೊಳೆದ ಸಪ್ಪಳ, ಬಾಗಿಲಲ್ಲಿ ಅವಳ ದೊಡ್ಡ ನೆರಳು, ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ಹೊರಸಿನ ಬಳಿ ಕೂತು ಮೊದಲು ಕೂಸನ್ನು ನೋಡಿದಳು, ಆಮೇಲೆ ಮುಖ, ಕೈ, ಕಾಲು. ಬೀಗತಿ, ಸೋತೆ ನೋಡ್ರಿ ನಿಮಗ, ಮೈತುಂಬ ಬೆಳಸೀರಿ ಹುಡುಗೀನ. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡಳು, ಎರಡು ವರ್ಷ ಕಾದ ಮಾತು, ಇನ್ನೊಂದು ಗಳಿಗೆ ಇರಲಿ ಅವಳ ಹತ್ತಿರ, ಇನ್ನೊಂದೇ ಗಳಿಗೆ — ಆದರೆ ನೀರು ಕಾಯುವುದಿಲ್ಲ, ಏರುತ್ತಿದೆ, ಅತ್ತೆ ಕೂಸನ್ನು ಎದೆಯ ಮೇಲಿಟ್ಟಳು, ಮೂರು ಸೇರಿನ ಕೂಸು ಬೀಸುಕಲ್ಲಾಗಿ ಕೂತಿತು, ಕೂಸು ಕುಡಿಯುತ್ತಿದೆ, ತಾನು ಮುಳುಗುತ್ತಿದ್ದಾಳೆ, ಅಪ್ಪಾ, ಲಾಳಿ ಸಾವಕಾಶ ಓಡಿಸು, ಮತ್ತೆ ಒಂದು ಏಟು ನುಂಗಿತು, ಎರಡು ನುಂಗಿತು, ಬರಲಿಲ್ಲ, ಬರಲಿಲ್ಲ — ಕೂಸನ್ನು ಮಡಿಲಿಗೆ ಜಾರಿಸಿ ಎದ್ದು ಕೂತಳು. ಮಲಕ್ಕೋ ಮಲಕ್ಕೋ ಅನ್ನುತ್ತ ಅವ್ವ ಧಾವಿಸಿದಳು, ಚಾಚಿದ ಆ ಕೈಯನ್ನೇ ಶೇವಂತಿ ಹಿಡಿದುಕೊಂಡಳು, ಉಸಿರಿನ ನಡುವೆ ಒಂದೊಂದೇ ಮಾತು, ಅವ್ವಾ — ಇದು ಮೈ ಅಲ್ಲ — ಒತ್ತಿ ನೋಡು. ಅವ್ವನ ಹೆಬ್ಬೆರಳನ್ನು ತಾನೇ ತನ್ನ ಮೊಣಕಾಲ ಕೆಳಗೆ ಇಟ್ಟು ಒತ್ತಿಸಿದಳು, ಬಿಟ್ಟಳು. ಬೀಗತಿಯ ಮಾತಿಗೆ ಅರಳಿದ ನಗು ಅವ್ವನ ಮುಖದಲ್ಲಿ ಇನ್ನೂ ಇತ್ತು. ಹತ್ತು, ಹನ್ನೊಂದು, ಲಾಳಿ ಓಡುತ್ತಿತ್ತು, ಇಪ್ಪತ್ತು, ಅವ್ವನ ನಗು ಎಲ್ಲಿ ಹೋಯಿತು, ಮೂವತ್ತೆರಡು, ಗುರುಬಾಯಿ ಬಾಗಿ ನೋಡಿದಳು, ತಾನೂ ಒತ್ತಿದಳು, ಮೊದಲ ತಗ್ಗಿನ ಪಕ್ಕಕ್ಕೆ ಇನ್ನೊಂದು, ನಾಲ್ವತ್ತು, ನಾಲ್ವತ್ತೊಂದು, ಕೂಸನ್ನು ಎತ್ತಿಕೊಂಡು ಮೂಲೆಯ ನೂಲಿನ ಗಂಟುಗಳನ್ನು ಸೊಸೆಯ ಬೆನ್ನಿಗೆ ತಳ್ಳಿದಳು, ನಡುಮನೆಗೆ ಕೇಳುವಂತೆ ಅಂದಳು, ಬೀಗರ, ಮಗ್ಗ ಬಿಟ್ಟು ಏಳ್ರಿ, ಮೊದಲ ಗಾಡಿ ನೋಡ್ರಿ, ಜಮಖಂಡಿ ದವಾಖಾನಿಗಿ ಒಯ್ಯೋಣು. ಅರವತ್ತೊಂದು, ಅರವತ್ತೆರಡು — ಲಾಳಿ ನಿಂತಿತು. ಇಪ್ಪತ್ತಾರು ದಿನದಲ್ಲಿ ಮೊದಲ ಸಲ ಎಳೆ ಕಡಿಯದೆ ನಡುವೆಯೇ ಮಗ್ಗ ನಿಂತಿದೆ, ಇನ್ನು ಯಾವುದರಿಂದ ಎಣಿಸುವುದು, ಅರವತ್ತೆರಡು, ಅವ್ವ ನೆಲಕ್ಕೆ ಕೂತಿದ್ದಾಳೆ, ಅದೇ ಹೆಬ್ಬೆರಳಿನಿಂದ ತಗ್ಗಿನ ಅಂಚನ್ನು ಮೆಲ್ಲಗೆ ಒಳಕ್ಕೆ ತಿಕ್ಕುತ್ತಿದ್ದಾಳೆ, ಮುಚ್ಚಲೆಂದು, ಅರವತ್ತೆರಡು, ತಿಕ್ಕುತ್ತಾಳೆ, ತಗ್ಗು ಹಾಗೇ ಇದೆ, ಅವ್ವನ ಹೆಬ್ಬೆರಳು, ತಗ್ಗು, ಅರವತ್ತೆರಡು, ತಗ್ಗು.