ಕಾಂತಪ್ಪನಿಗೆ ತುಪ್ಪ

ತುಪ್ಪದ ಡಬ್ಬದ ಮುಚ್ಚಳ ತೆಗೆಯುತ್ತಿದ್ದ ಅಣ್ಣನ ಕೈಯನ್ನು ಸುಗುಣಾ ಗಟ್ಟಿಯಾಗಿ ಹಿಡಿದಳು.

“ಎಷ್ಟು ತಂದಿದ್ದೀ?”

“ಐದು ಕಿಲೊ. ಒಳ್ಳೇ ಹಸುವಿನ ತುಪ್ಪ,” ಎಂದ ಕಮಲಾಕರ. “ಭಾವನ ಕೊನೇ ಕೆಲಸಕ್ಕೆ ಕಡಿಮೆ ಆಗಬಾರದಲ್ಲ.”

ಚೆನ್ನೈ ವಡಪಳನಿಯ ಆ ಸಣ್ಣ ಮನೆಯಲ್ಲಿ ಸುಗುಣಾಳ ಗಂಡ ಕಾಂತಪ್ಪನ ಶವವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹೋಟೆಲಿನ ಬಾಣಲೆಯಲ್ಲಿ ಮೂವತ್ತು ವರ್ಷ ಮೈಸೂರುಪಾಕು ತಿರುವಿದ ತೋಳು ಸೌಟಿನ ಹಿಡಿಯಷ್ಟಾಗಿತ್ತು.

“ಅವರು ಒಂದು ಹನಿ ಕೇಳಿದಾಗ ಎಂತ ಹೇಳಿದೆ ನೀನು?”

“ಸುಗುಣಾ, ಜನ ಇದ್ದಾರೆ.”

“ಇರಲಿ. ಅವರಿಗೂ ಕೇಳಲಿ.”

“ವೇಂಡಾಂ ಮಾ, ಬಿಡಿ,” ಎಂದ ಮಗ ರಜತ್. ಅವಳು ಬಿಡಲಿಲ್ಲ.

*

ಕಾಂತಪ್ಪನಿಗೆ ಮೂತ್ರಪಿಂಡದ ಕ್ಯಾನ್ಸರ್ ಎಂದು ತಿಳಿದ ವಾರವೇ ಕಮಲಾಕರ ಫೋನಿನಲ್ಲಿ ಸುದ್ದಿಯೊಂದನ್ನು ಓದಿದ್ದ: ಕೊಲೆಸ್ಟರಾಲ್ ಇಳಿಸುವ ಮಾತ್ರೆ ಈ ಗಡ್ಡೆಯನ್ನೂ ತಡೆಯಬಹುದಂತೆ.

“ಇನ್ನೂ ಪರೀಕ್ಷೆ ನಡೀತಾ ಇದೆ ಸಾರ್, ಖಾತ್ರಿ ಇಲ್ಲ,” ಎಂದಿದ್ದರು ಡಾಕ್ಟರಮ್ಮ. “ನಾನು ಬರೆದ ಔಷಧಿ ತಪ್ಪಿಸಬೇಡಿ. ಚೆನ್ನಾಗಿ ಊಟ ಮಾಡಲಿ.”

ಮನೆಗೆ ಬರುವಷ್ಟರಲ್ಲಿ ಕಮಲಾಕರ ಲೆಕ್ಕ ಮುಗಿಸಿದ್ದ. “ಕೊಬ್ಬು ಇಳಿಸುವ ಮಾತ್ರೆಗೆ ಗಡ್ಡೆ ಹೆದರುತ್ತದೆ ಅಂದರೆ ಕೊಬ್ಬೇ ಅದರ ಆಹಾರ.” ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವನ ಮಾತು, ಮನೆಯವರು ಮಂತ್ರದಂತೆ ಕೇಳಿದರು. ಸುಗುಣಾಳೂ ಕೇಳಿದಳು. ತುಪ್ಪ ಹೋಯಿತು, ತೆಂಗಿನಕಾಯಿ ಹೋಯಿತು, ಒಗ್ಗರಣೆಯೂ ಹೋಯಿತು. ಉಳಿದದ್ದು ಗಂಜಿ.

“ಒಂದು ಹನಿ ಹಾಕು ಮಾರಾಯ್ತಿ, ಪರಿಮಳಕ್ಕೆ,” ಎಂದು ಕಾಂತಪ್ಪ ಹೆಂಡತಿಯನ್ನು ಕೇಳುತ್ತಿದ್ದ.

“ನಾಲಿಗೆಗೆ ಸೋತರೆ ಜೀವ ಹೋದ ಹಾಗೆ ಭಾವ,” ಎಂದು ಕಮಲಾಕರ ಬಟ್ಟಲು ಸರಿಸುತ್ತಿದ್ದ.

ಕೊನೆಗೊಮ್ಮೆ ಡಾಕ್ಟರಮ್ಮ ಆ ತೋಳು ಹಿಡಿದು ನೋಡಿ ಸಿಡುಕಿದರು: “ಊಟ ಬಿಡಿಸೋಕೆ ಯಾರು ಹೇಳಿದ್ದು? ನಾನಾ?” ಆಗ ಕಾಂತಪ್ಪನಿಗೆ ನೀರೂ ಇಳಿಯುತ್ತಿರಲಿಲ್ಲ.

*

“ಹೊತ್ತಾಯಿತು ತಾಯೀ, ತುಪ್ಪ ಬೇಕಲ್ಲ,” ಎಂದರು ಭಟ್ಟರು.

“ಬೇಕು ಭಟ್ರೇ. ಇವನೇ ಹಾಕಲಿ.” ಸುಗುಣಾ ಅಣ್ಣನನ್ನು ಎಳೆದು, ಎಲೆಯಲ್ಲಿದ್ದ ಪಿಂಡದ ಅನ್ನದ ಮುಂದೆ ಕೂರಿಸಿದಳು. “ಬಡಿಸು.”

ಅವನು ಚೂರು ಸುರಿದು ಡಬ್ಬ ಎತ್ತಿದ.

“ಎಂತ ಎತ್ತಿದ್ದು? ಉಣ್ಣುವವರು ‘ಸಾಕು’ ಅನ್ನುವ ಮುಂಚೆ ನಮ್ಮ ಪಂಕ್ತಿಯಲ್ಲಿ ತುಪ್ಪದ ಕೈ ಎತ್ತುವುದುಂಟಾ? ಹಾಕು. ನಿನ್ನ ಭಾವ ಸಾಕು ಅನ್ನಲಿ.”

ಕಮಲಾಕರ ಡಬ್ಬ ಬಗ್ಗಿಸಿದ. ಅನ್ನ ಮುಳುಗಿತು. ತುಪ್ಪ ಎಲೆ ದಾಟಿ ನೆಲಕ್ಕಿಳಿದು, ಅವನ ಪಂಚೆಯಂಚು ನೆನೆಸಿ, ಬಾಗಿಲಲ್ಲಿ ನಿಂತವರ ಪಾದದ ಕಡೆಗೆ ಹರಿಯಿತು. ಅವನು ಕಾಂತಪ್ಪನ ಬಾಯಿಯನ್ನೇ ನೋಡುತ್ತ ಸುರಿಯುತ್ತಲೇ ಇದ್ದ.